ಬಲೆ ತುಂಬ ನೊಣ, ಹಾಗಲದ ತುಂಬ ಹುಳು: ಹಣ್ಣು ನೊಣವನ್ನು ಹತೋಟಿಗೆ ತರುವುದು ಹೇಗೆ?

ಮಾವಿನ ಮರಕ್ಕೆ ಕಟ್ಟಿದ, ವಾಸನೆಯಿಂದ ನೊಣವನ್ನು ಸೆಳೆದು ಕೊಲ್ಲುವ ಮೋಹಕ ಬಲೆಯಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತಂದು ಹಾಗಲದ ಚಪ್ಪರಕ್ಕೂ ತೂಗುಹಾಕಿ, ಬಾಟಲಿಯಲ್ಲಿ ಸತ್ತ ನೊಣಗಳ ರಾಶಿಯನ್ನು ತೋರಿಸುತ್ತಾ, ‘ಇಷ್ಟು ಸತ್ತರೂ ಕಾಯಿಯಲ್ಲಿ ಹುಳು ತಪ್ಪಲಿಲ್ಲ’ ಎಂದು ಬೇಸರಪಡುವವರನ್ನು ಪ್ರತಿ ಬೇಸಿಗೆಯಲ್ಲೂ ಕಾಣುತ್ತಿದ್ದೇನೆ. ಇಲ್ಲಿ ದೋಷ ಬಲೆಯದಲ್ಲ, ಅದನ್ನು ಆರಿಸಿದ ಮತ್ತು ಅದೊಂದನ್ನೇ ನಂಬಿದ ಕ್ರಮದ್ದು. ಹಲವು ಕ್ರಮಗಳನ್ನು ಒಟ್ಟಿಗೆ ಬಳಸಿ ಕೀಟವನ್ನು ಹತೋಟಿಯಲ್ಲಿಡುವ, ಸಮಗ್ರ ಕೀಟ ನಿರ್ವಹಣೆ ಎಂಬ ದೊಡ್ಡ ಹೆಸರಿನ ಕೆಲಸವು ಹಣ್ಣು ನೊಣದ ಮಟ್ಟಿಗೆ ಹೇಗಿರಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ನೊಣವನ್ನು ಗುರುತಿಸಿಕೊಳ್ಳಿ. ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣ ಇದಲ್ಲ. ಇದು ಹೆಚ್ಚುಕಡಿಮೆ ಮನೆನೊಣದ ಗಾತ್ರದ, ಕಂದು ಹಳದಿ ಮೈಯ, ಕಣಜವನ್ನು ನೆನಪಿಸುವ ಕೀಟ. ಹೆಣ್ಣು ನೊಣ ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಹುಳು ಹೊರಬಂದು ತಿರುಳನ್ನು ತಿನ್ನುತ್ತದೆ. ಬಲಿತ ಹುಳು ಮಣ್ಣಿಗಿಳಿದು ಕೋಶವಾಗಿ, ಸುಮಾರು ಹತ್ತು ದಿನಗಳಲ್ಲಿ ಮತ್ತೆ ನೊಣವಾಗಿ ಮೇಲೆ ಬರುತ್ತದೆ. ಹುಳು ಕಾಯಿಯೊಳಗೆ, ಕೋಶ ಮಣ್ಣಿನೊಳಗೆ ಇರುವುದರಿಂದ ಮೇಲಿನಿಂದ ಎಷ್ಟು ಔಷಧಿ ಸಿಂಪಡಿಸಿದರೂ ಇವೆರಡಕ್ಕೂ ತಾಗುವುದಿಲ್ಲ.

ಎರಡನೆಯ ಹಂತ ಮೋಹಕದ ಆಯ್ಕೆ, ಬಹುತೇಕರು ಎಡವುವುದೂ ಇಲ್ಲಿಯೇ. ಮಾವು ಮತ್ತು ಸೀಬೆಯನ್ನು ಕಾಡುವ ನೊಣಕ್ಕೆ ಮಿಥೈಲ್ ಯುಜೆನಾಲ್ ಬೇಕು; ಹಾಗಲ, ಹೀರೆ, ಪಡವಲ, ಸೌತೆ, ಸೋರೆಯಂಥ ಬಳ್ಳಿ ತರಕಾರಿಗಳ ನೊಣಕ್ಕೆ ಕ್ಯೂ ಲ್ಯೂರ್ ಬೇಕು. ಚಪ್ಪರಕ್ಕೆ ಮಿಥೈಲ್ ಯುಜೆನಾಲ್ ಕಟ್ಟಿದರೆ ಸುತ್ತಲಿನ ಮಾವಿನ ನೊಣಗಳೆಲ್ಲ ಬಂದು ಬೀಳುತ್ತವೆ, ಹಾಗಲದ ನೊಣ ಮಾತ್ರ ತನ್ನ ಕೆಲಸವನ್ನು ನಿಶ್ಚಿಂತೆಯಿಂದ ಮುಂದುವರಿಸುತ್ತದೆ. ‘ಹಣ್ಣು ನೊಣದ ಬಲೆ’ ಎಂದಷ್ಟೇ ಅಚ್ಚುಹಾಕಿ ಒಳಗಿನ ಮೋಹಕದ ಹೆಸರನ್ನೇ ಹೇಳದ ಪೊಟ್ಟಣಗಳು ಅಂಗಡಿಗಳಲ್ಲಿ ಧಾರಾಳವಾಗಿವೆ. ಅವು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಎರಡೂ ಮೋಹಕಗಳನ್ನು ಒಂದೇ ಬಾಟಲಿಯಲ್ಲಿ ತುರುಕುವ ಜಾಣತನವೂ ಬೇಡ.

ಎರಡೂ ಮೋಹಕಗಳು ಸೆಳೆಯುವುದು ಗಂಡು ನೊಣಗಳನ್ನು ಮಾತ್ರ. 1912ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್ ಅವರು ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣು ನೊಣದ ಗಂಡುಗಳು ಮುತ್ತುವುದನ್ನು ದಾಖಲಿಸಿದರು. ಅದರ ಜಾಡು ಹಿಡಿದೇ 1915ರಲ್ಲಿ ಮಿಥೈಲ್ ಯುಜೆನಾಲಿನ ಸೆಳೆತ ತಿಳಿದುಬಂದಿತು. ಕಾಯಿಗೆ ಚುಚ್ಚುವ ಹೆಣ್ಣು ಈ ಬಾಟಲಿಯತ್ತ ಸುಳಿಯುವುದಿಲ್ಲ. ಗಂಡುಗಳನ್ನು ಬೇಗನೆ, ಹೆಚ್ಚು ಸಂಖ್ಯೆಯಲ್ಲಿ ಕೊಂದರೆ ಹೆಣ್ಣುಗಳಿಗೆ ಕೂಡಲು ಜೊತೆ ಸಿಗದಂತಾಗುತ್ತದೆ ಎಂಬುದೇ ಈ ಉಪಾಯದ ತಿರುಳು. ಆದ್ದರಿಂದ ಹುಳು ಕಂಡ ಮೇಲೆ ಬಲೆ ಕಟ್ಟಿ ಫಲವಿಲ್ಲ. ಮಾವಿಗೆ ಕೊಯ್ಲಿಗೆ ಒಂದೂವರೆ ತಿಂಗಳ ಮೊದಲು, ಬಳ್ಳಿಗಳಿಗೆ ಹೂ ಬಿಡುವ ಹೊತ್ತಿಗೆ ಕಟ್ಟಬೇಕು.

ಬಲೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗದಲ್ಲಿ, ಕಾಯಿಸಿದ ಕಬ್ಬಿಣದ ಸರಳಿನಿಂದ ನಾಲ್ಕೂ ಕಡೆ ಬೆರಳು ತೂರುವಷ್ಟು ರಂಧ್ರ ಮಾಡಿ. ಮೋಹಕದಲ್ಲಿ ಅದ್ದಿದ ಮರದ ತುಂಡನ್ನು ತಂತಿಯಿಂದ ಮುಚ್ಚಳಕ್ಕೆ ಕಟ್ಟಿ, ಅದು ರಂಧ್ರಗಳ ಮಟ್ಟದಲ್ಲಿ ತೂಗುವಂತೆ ಇಳಿಬಿಡಿ. ತುಂಡಿನಲ್ಲಿ ಕೀಟನಾಶಕ ಸೇರಿದ್ದರೆ ತಳದಲ್ಲಿ ಸೂಜಿಯಷ್ಟು ತೂತು ಮಾಡಿ ಮಳೆನೀರು ಹೋಗಲು ಬಿಡಿ. ಸೇರಿರದಿದ್ದರೆ ತಳವನ್ನು ಮುಚ್ಚಿಯೇ ಇಟ್ಟು ಎರಡು ಬೆರಳಿನಷ್ಟು ಸೋಪಿನ ನೀರು ತುಂಬಿ. ತುಂಡನ್ನು ಮುಟ್ಟಿದ ಕೈಯಿಂದ ಬಾಟಲಿಯ ಹೊರಮೈಯನ್ನಾಗಲಿ ಎಲೆಗಳನ್ನಾಗಲಿ ಮುಟ್ಟಬಾರದು, ಏಕೆಂದರೆ ವಾಸನೆ ಹೊರಗೇ ಅಂಟಿದರೆ ನೊಣ ಹೊರಗೇ ಕುಳಿತು ಹಾರಿಹೋಗುತ್ತದೆ. ಕೈಗವಸು ಹಾಕಿಕೊಳ್ಳುವುದು ಲೇಸು. ಬಾಟಲಿಯನ್ನು ನೆರಳಿನ ಕೊಂಬೆಗೆ, ಎದೆಯ ಎತ್ತರದಲ್ಲಿ ಕಟ್ಟಿ, ತೂಗುವ ತಂತಿಗೆ ಗ್ರೀಸ್ ಬಳಿಯಿರಿ. ಗ್ರೀಸ್ ಇಲ್ಲದಿದ್ದರೆ ಸತ್ತ ನೊಣಗಳನ್ನು ಇರುವೆಗಳು ರಾತ್ರೋರಾತ್ರಿ ಹೊತ್ತೊಯ್ಯುತ್ತವೆ, ಬಲೆಗೆ ಏನೂ ಬೀಳಲಿಲ್ಲವೆಂದು ನೀವು ಬೈಯುತ್ತೀರಿ. ತೋಟಕ್ಕಾದರೆ ಎಕರೆಗೆ ಆರರಿಂದ ಹತ್ತು ಬಲೆ, ಹಿತ್ತಲಿಗಾದರೆ ಒಂದೆರಡು ಸಾಕು. ತುಂಡನ್ನು ಒಂದೂವರೆ ಎರಡು ತಿಂಗಳಿಗೊಮ್ಮೆ ಬದಲಿಸಬೇಕು.

ತುಂಡನ್ನು ನೀವೇ ಅದ್ದಿ ತಯಾರಿಸಲು ಹೊರಟರೆ ಒಂದು ಎಚ್ಚರಿಕೆಯ ಮಾತು: ಹಳೆಯ ಕರಪತ್ರಗಳಲ್ಲಿ ಇದಕ್ಕೆ ಡೈಕ್ಲೋರ್‌ವಾಸ್ ಬೆರೆಸುವಂತೆ ಬರೆದಿರುತ್ತದೆ. ಆ ಕೀಟನಾಶಕದ ಬಳಕೆ ನಮ್ಮ ದೇಶದಲ್ಲಿ 2020ರ ಕೊನೆಯಿಂದ ನಿಷಿದ್ಧ.

ಮೂರನೆಯ ಹಂತಕ್ಕೆ ಹಣ ಬೇಕಿಲ್ಲ, ಬಹುಶಃ ಅದಕ್ಕೇ ಅದನ್ನು ಯಾರೂ ಮಾಡುವುದಿಲ್ಲ. ಉದುರಿದ ಕಾಯಿ, ಹಣ್ಣುಗಳನ್ನು ದಿನವೂ ಆರಿಸಬೇಕು. ವಾರಕ್ಕೊಮ್ಮೆ ಗುಡಿಸಿದರೆ ಅಷ್ಟರಲ್ಲಿ ಹುಳುಗಳು ಮಣ್ಣು ಸೇರಿಯಾಗಿರುತ್ತವೆ. ಚುಚ್ಚಿದ ಜಾಗದಿಂದ ಅಂಟು ಒಸರುವ, ಸೊಟ್ಟಗಾದ, ಹೊತ್ತಿಗೆ ಮೊದಲೇ ಹಳದಿಯಾದ ಹಾಗಲಗಳನ್ನು ಬಳ್ಳಿಯಿಂದಲೇ ಕಿತ್ತುಬಿಡಿ. ಆರಿಸಿದ್ದನ್ನು ತಿಪ್ಪೆಗೆ ಎಸೆಯುವುದೆಂದರೆ ನೊಣಗಳನ್ನು ಸಾಕಿದಂತೆ. ಗೊಬ್ಬರದ ಗುಂಡಿಯ ಮೇಲ್ಪದರದಲ್ಲಿ ಅವು ಆರಾಮವಾಗಿ ಕೋಶ ಕಟ್ಟುತ್ತವೆ. ಅಂಗೈ ಆಳದ ಗುಂಡಿ ತೋಡಿ ಮುಚ್ಚುವುದೂ ವ್ಯರ್ಥ, ಕನಿಷ್ಠ ಎರಡು ಅಡಿ ಆಳ ಬೇಕು. ನಾನು ಮೆಚ್ಚುವ ದಾರಿ ಇನ್ನೂ ಸುಲಭವಾದದ್ದು: ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ವಾರವಿಡೀ ಉರಿಬಿಸಿಲಿನಲ್ಲಿಡಿ. ಬಳಿಕ ಅದನ್ನು ಗೊಬ್ಬರಕ್ಕೆ ಹಾಕಬಹುದು. ಪಕ್ಕದ ಮನೆಯ ಸೀಬೆ ಮರದಡಿ ಹಣ್ಣು ಕೊಳೆಯುತ್ತಿದ್ದರೆ ಅವರ ಅನುಮತಿ ಪಡೆದು ಅದನ್ನೂ ಆರಿಸಿ, ಸಂಕೋಚಪಡಬೇಡಿ.

ಮರದ ಪಾತಿಯನ್ನು ಆಗಾಗ ಕೆದಕಿ ಕೋಶಗಳನ್ನು ಬಿಸಿಲಿಗೊಡ್ಡಿ. ಕೋಳಿಗಳಿದ್ದರೆ ಉಳಿದದ್ದನ್ನು ಅವು ನೋಡಿಕೊಳ್ಳುತ್ತವೆ.

ಹಿತ್ತಲಿನವರಿಗೆ ಎಲ್ಲಕ್ಕಿಂತ ನಂಬಿಕೆಯ ಕ್ರಮವೆಂದರೆ ಕಾಯಿಗೆ ಚೀಲ ಕಟ್ಟುವುದು. ಬೇರೆಡೆ ಕೂಡಿ ಬಂದ ಹೆಣ್ಣು ನೊಣ ನಿಮ್ಮ ಒಂದೆರಡು ಬಲೆಗಳನ್ನು ಲೆಕ್ಕಿಸುವುದಿಲ್ಲ, ಆದರೆ ಚೀಲವನ್ನು ದಾಟಲಾರದು. ಹಾಗಲದಲ್ಲಿ ಹೂವು ಪರಾಗಸ್ಪರ್ಶವಾಗಿ ಬಾಡಿ, ಮಿಡಿ ಹಿಗ್ಗತೊಡಗಿದ ಎರಡು ಮೂರು ದಿನಗಳೊಳಗೆ ಚೀಲ ಕಟ್ಟಬೇಕು. ಹೂವಿಗೇ ಕಟ್ಟಿದರೆ ಕಾಯಿ ಕಚ್ಚುವುದಿಲ್ಲ, ವಾರ ಕಳೆದು ಕಟ್ಟಿದರೆ ಮೊಟ್ಟೆಗಳಿಗೂ ಸೇರಿಸಿ ರಕ್ಷಣೆ ಕೊಟ್ಟಂತಾಗುತ್ತದೆ. ಹಳೆಯ ವಾಯಿಲ್ ಸೀರೆಯ ಚೀಲ ಅಥವಾ ಎರಡು ಪದರದ ಕಾಗದ ಉತ್ತಮ. ಪ್ಲಾಸ್ಟಿಕ್ ಕವರಿನೊಳಗೆ ನೀರು ಹನಿಗಟ್ಟಿ ಕಾಯಿ ಕೊಳೆಯುತ್ತದೆ.

ಕೀಟನಾಶಕ ಬೆರೆಸಿದ ಬೆಲ್ಲದ ನೀರನ್ನು ಸಿಂಪಡಿಸುವ ವಿಧಾನವನ್ನು ಮನೆಯ ಚಪ್ಪರಕ್ಕೆ ನಾನು ಒಪ್ಪುವುದಿಲ್ಲ, ಹೂವಿಗೆ ಬರುವ ಜೇನು ಸಾಯುತ್ತದೆ. ದೊಡ್ಡ ತೋಟದವರು ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಸಂಜೆಯ ಹೊತ್ತಿನಲ್ಲಿ, ಮರದ ಕಾಂಡದ ಮೇಲೆ ಮಾತ್ರ ಬಳಸಲಿ. ರಫ್ತು ಮಾಡುವವರಿಗೆ ಇದರಾಚೆಗೆ ಬಿಸಿನೀರಿನ ಉಪಚಾರವೂ ಉಂಟು: ಮಾವನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುತ್ತಾರೆ. 2014ರ ಮೇ ತಿಂಗಳಿನಿಂದ ಯುರೋಪ್ ಒಕ್ಕೂಟ ಹಣ್ಣು ನೊಣದಂಥ ಕೀಟಗಳ ಕಾರಣಕ್ಕೆ ನಮ್ಮ ಮಾವಿನ ಜೊತೆಗೆ ಹಾಗಲ, ಪಡವಲಗಳನ್ನೂ ನಿಷೇಧಿಸಿತ್ತು; ಮಾವಿನ ಮೇಲಿನ ನಿಷೇಧ ಮರುವರ್ಷ ತೆರವಾಯಿತು. ಆದರೆ ಮನೆಯ ಒಲೆಯ ಮೇಲೆ ಉಷ್ಣಮಾಪಕವಿಲ್ಲದೆ ಇದನ್ನು ಮಾಡಲು ಹೋದವರಿಗೆ ಕೊನೆಗೆ ಸಿಕ್ಕಿದ್ದು ಬೆಂದ ಮಾವಿನಹಣ್ಣು.