ಮಾತ್ರೆ ನುಂಗುವ ಪುಟ್ಟ ವಿಡಿಯೊ: ಕ್ಷಯ ಚಿಕಿತ್ಸೆ ತಪ್ಪದಿರಲು ಮೊಬೈಲ್ ಬಳಸುವುದು ಹೇಗೆ?

ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳ ಚಿಕಿತ್ಸೆ ಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಗಳದ್ದು. ಅಷ್ಟರಲ್ಲಿ ಕೆಮ್ಮು ನಿಂತು, ಹಸಿವು ಮರಳಿ, ‘ಇನ್ನೇಕೆ ಮಾತ್ರೆ?’ ಅನ್ನಿಸತೊಡಗುತ್ತದೆ. ಅಲ್ಲಿ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಕ್ಕೆ ಜಗ್ಗದ ಕ್ಷಯವಾಗಿ ತಿರುಗಲೂಬಹುದು.

ಇದಕ್ಕಾಗಿಯೇ ಆರೋಗ್ಯ ಸಿಬ್ಬಂದಿಯ ಕಣ್ಣೆದುರು ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ ಬಂದದ್ದು. ಆದರೆ ದಿನಗೂಲಿ ನಂಬಿದವರಿಗೆ ಆಸ್ಪತ್ರೆಯ ಓಡಾಟವೇ ಒಂದು ಶಿಕ್ಷೆ. ಮನೆಯಲ್ಲೇ ಮಾತ್ರೆ ನುಂಗುವುದನ್ನು ಮೊಬೈಲ್‌ನಲ್ಲಿ ಸೆರೆಹಿಡಿದು ಸಿಬ್ಬಂದಿಗೆ ಕಳುಹಿಸುವ ವಿಡಿಯೊ ಆ ಓಡಾಟವನ್ನು ಉಳಿಸುತ್ತದೆ. ಸೌಕರ್ಯವಿರುವ ಕಡೆ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ. 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ, ಇಂಗ್ಲೆಂಡಿನ 226 ರೋಗಿಗಳ ಅಧ್ಯಯನದಲ್ಲಿ ಮೊದಲ ಎರಡು ತಿಂಗಳ ನಿಗಾವಣೆಯಲ್ಲಿ ಶೇ 80ರಷ್ಟನ್ನಾದರೂ ಪೂರೈಸಿದವರು ವಿಡಿಯೊ ಗುಂಪಿನಲ್ಲಿ ಶೇ 70, ಎದುರಿಗೆ ನುಂಗುವ ಗುಂಪಿನಲ್ಲಿ ಶೇ 31 ಮಾತ್ರ.

ಶುರು ಮಾಡುವ ಮುನ್ನ ಚಿಕಿತ್ಸೆ ಕೊಡುತ್ತಿರುವ ಕೇಂದ್ರದಲ್ಲಿ ಈ ಸೌಲಭ್ಯ ಇದೆಯೇ ಎಂದು ವಿಚಾರಿಸಿ. ವಿಡಿಯೊ ಯಾರು ನೋಡುತ್ತಾರೆ, ಎಲ್ಲಿ ಉಳಿಯುತ್ತದೆ, ಯಾವಾಗ ಅಳಿಸುತ್ತಾರೆ ಎಂಬುದನ್ನೂ ಕೇಳಿ. ಇದು ಸಂಕೋಚ ಪಡುವ ವಿಷಯವಲ್ಲ. ಮದುವೆಗೆ ಬಂದ ಮಗಳ ಕಾಯಿಲೆಯನ್ನು ಪಕ್ಕದ ಮನೆಗೂ ತಿಳಿಯದಂತೆ ಕಾಯುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಹತ್ತಾರು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೊ ಹಾಕಿ ಎಂದರೆ ಖಂಡಿತ ಒಪ್ಪಬೇಡಿ. ಇದಕ್ಕೆಂದೇ ರೂಪಿಸಿದ ಆ್ಯಪ್ ಆದರೆ ಒಳ್ಳೆಯದು. ಅಂಥ ಕೆಲವು ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದಾಗ ವಿಡಿಯೊ ಹಿಡಿದಿಟ್ಟು ಸಿಗ್ನಲ್ ಬಂದಾಗ ಕಳುಹಿಸುತ್ತವೆ.

ಹೊತ್ತು ಒಂದನ್ನೇ ಇಟ್ಟುಕೊಳ್ಳಿ. ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದಿನಿಂದಲ್ಲ. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದರೆ ಎರಡೂ ಕೈ ಬಿಡುವಾಗುತ್ತವೆ.

ರೆಕಾರ್ಡಿಂಗ್ ಶುರುವಾದ ಮೇಲೆ ಮೊದಲು ದಿನಾಂಕ ಹೇಳಿ, ಮೈ ಹೇಗಿದೆ ಎಂದು ತಿಳಿಸಿ. ಆಮೇಲೆ ಮಾತ್ರೆಗಳನ್ನು ಅಂಗೈಯಲ್ಲಿಟ್ಟು ಎಣಿಸಿ ತೋರಿಸಿ. ಎಷ್ಟೆಂಬುದು ನಿಮ್ಮ ತೂಕದ ಮೇಲೆ ನಿಗದಿಯಾಗಿರುತ್ತದೆ. ನೀರಿನೊಂದಿಗೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ. ಇಷ್ಟೇ.

ಮೈಯ ಸ್ಥಿತಿಯನ್ನು ನುಂಗುವ ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ; ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಅಥವಾ ಕೆಂಪು–ಹಸಿರಿನ ವ್ಯತ್ಯಾಸ ತಿಳಿಯದಾದರೆ ಅಂದಿನ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಕರೆ ಮಾಡಿ. ವಿಡಿಯೊದಲ್ಲಿ ಹೇಳಿ ಸುಮ್ಮನಾಗಬೇಡಿ, ಅದನ್ನು ಸಂಜೆ ನೋಡುವವರೂ ಇರುತ್ತಾರೆ. ಪಾದ ಜುಮ್ಮೆನ್ನುವುದು, ಕೀಲು ನೋವು ಇದ್ದರೂ ಮುಚ್ಚಿಡಬೇಡಿ. ಒಂದು ದಿನ ತಪ್ಪಿತೆಂದು ಮರುದಿನ ದುಪ್ಪಟ್ಟು ನುಂಗುವುದು ಸಲ್ಲದು, ಕೇಂದ್ರಕ್ಕೆ ತಿಳಿಸಿ.

ಇನ್ನು ನೋಡುವವರ ಪಾಲಿನ ಕೆಲಸ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆಯೇ. ಬಂದ ವಿಡಿಯೊವನ್ನು ಅಂದೇ ನೋಡಬೇಕು. ಬಾರದಿದ್ದರೆ ಅಂದೇ ಕರೆ ಮಾಡಬೇಕು. ‘ಯಾಕೆ ಕಳಿಸಲಿಲ್ಲ?’ ಎಂಬ ಗದರಿಕೆಗಿಂತ ‘ಹೇಗಿದ್ದೀರಿ ಅಣ್ಣಾ, ಊಟ ಸೇರುತ್ತಿದೆಯೇ?’ ಎಂಬ ಮಾತಿಗೆ ನಿಜವಾದ ಉತ್ತರ ಸಿಗುತ್ತದೆ. ವಾರದ ವಿಡಿಯೊಗಳನ್ನು ಶನಿವಾರ ಒಟ್ಟಿಗೆ ನೋಡಿ ಟಿಕ್ ಹಾಕುವುದಾದರೆ ರೋಗಿಗೆ ಈ ತೊಂದರೆ ಕೊಡುವುದೇ ಬೇಡ.

ಸ್ವಂತ ಮೊಬೈಲ್ ಇಲ್ಲದವರು, ಗಂಡನ ಅಥವಾ ಮಗನ ಫೋನ್ ನೆಚ್ಚಿದ ಮಹಿಳೆಯರು, ಕಣ್ಣು ಮಂಜಾದ ಹಿರಿಯರು ಇದಕ್ಕೆ ಹೊಂದದಿರಬಹುದು. ಅಂಥವರಿಗೆ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯೇ ಸರಿ. ಮಾಹಿತಿಗೆ ರಾಷ್ಟ್ರೀಯ ಕ್ಷಯ ಸಹಾಯವಾಣಿ: 1800-11-6666.