ಹಾಲು ಒಡೆಸಿ ಮಾಡಿದ ರಮ್ ಪಂಚ್: ನನ್ನ ಅನುಭವ

ತಿಂಗಳ ಎರಡನೇ ಶನಿವಾರ ನಮ್ಮ ಮನೆಯಲ್ಲಿ ಕಾಕ್‌ಟೇಲ್ ಸಂಜೆ. ಮೈದುನ ಬ್ಯಾಂಕಿನವನು. 2015ರಿಂದ ಅವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ, ಹಾಗಾಗಿ ದಿನ ತಾನಾಗಿ ಗೊತ್ತಾಯಿತು. ನಾವು ಸಕಲೇಶಪುರದ ಕಡೆಯವರು. ತೋಟದ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ದೊಡ್ಡವರ ಎದುರು ಗ್ಲಾಸು ಹಿಡಿಯುವುದು ಹೊಸತೇನಲ್ಲ. ಬೆಂಗಳೂರಿಗೆ ಬಂದ ಮೇಲೂ ಮಾವನ ವಿಸ್ಕಿ–ಸೋಡಾ ನಡೆದೇ ಇತ್ತು. ಅದರ ಪಕ್ಕಕ್ಕೆ ಶೇಕರ್, ಜಿಗ್ಗರ್ (ಮದ್ಯ ಅಳೆಯುವ ಪುಟ್ಟ ಲೋಟ) ತಂದಿಟ್ಟವಳು ನಾನು.

ತಂದಿಟ್ಟದ್ದೇ ಬಂತು, ಅಲ್ಲಿಂದ ನಾನು ಕೂತು ಕುಡಿದದ್ದಿಲ್ಲ. ಆರು ಜನ, ಆರು ತರಹದ ಬೇಡಿಕೆ. ನಾದಿನಿಗೆ ಹುಳಿ ಜಾಸ್ತಿ, ಮೈದುನನಿಗೆ ಸಿಹಿ ಇರಲೇಕೂಡದು, ಓರಗಿತ್ತಿಗೆ ವಾಸನೆ ಬರಬಾರದು. ಒಂದು ಸುತ್ತು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮೊದಲನೆಯವರ ಗ್ಲಾಸು ಖಾಲಿ. ಐಸ್ ಟ್ರೇ ಎರಡೇ, ಎಂಟೂವರೆಗೆಲ್ಲ ಮುಗಿದು ನನ್ನ ಗಂಡ ಮೂಲೆ ಅಂಗಡಿಗೆ ಓಡಬೇಕು. ಮನೆಯ ಐಸಿಗಾದರೂ ಫ್ರಿಜ್ಜಿನಲ್ಲಿದ್ದ ಹುಳಿಯ ವಾಸನೆ. ಜಿನ್ನಿನಲ್ಲಿ ಇಂಗು ಬಂದರೆ ಏನು ಮಾಡುತ್ತೀರಿ?

ದುಡ್ಡಿನ ಮಾತು ಬೇರೆ. ಆ ಕಾಲದಲ್ಲಿ ಪಾಕವಿಧಾನ ಹೇಳಿದ್ದನ್ನೆಲ್ಲ ತರುತ್ತಿದ್ದೆ. ಕಿತ್ತಳೆ ಲಿಕರ್ (ಸಿಹಿ ಮದ್ಯ) ಒಂದು ಬಾಟಲಿಗೆ ಮೂರು ಸಾವಿರದ ಆಚೀಚೆ ಕೊಟ್ಟ ನೆನಪು, ಬಳಸಿದ್ದು ನಾಲ್ಕು ಚಮಚ. ವರ್ಮೂತ್ (ಗಿಡಮೂಲಿಕೆ ಹಾಕಿದ ವೈನು) ಎರಡು ಬಾಟಲಿ ಅಟ್ಟದ ಮೇಲೆ ನಿಂತು ಹಳಸಿದ ವೈನಾಯಿತು. ಅದು ಶೋಕೇಸಿನಲ್ಲಿಡುವ ಸಾಮಾನಲ್ಲ, ತೆರೆದ ಮೇಲೆ ಫ್ರಿಜ್ಜಿಗೇ ಹೋಗಬೇಕು ಅಂತ ಅಂಗಡಿಯವನೂ ಹೇಳಲಿಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿದಾಗ ಗಂಡ ಲೆಕ್ಕದ ಪುಸ್ತಕ ತೆಗೆದರು. ಮಾರನೇ ವರ್ಷ ಆಗಸ್ಟಿನಲ್ಲಿ ದುಬಾರಿ ಬ್ರಾಂಡುಗಳ ಬೆಲೆ ಇಳಿಸಿದರು ನಿಜ, ಅದರ ಲಾಭ ಸ್ಕಾಚ್ ಕುಡಿಯುವವರಿಗೆ. ನಮ್ಮದು ಕಪ್ಪು ರಮ್ಮಿನ ಮನೆ. ಒಂದು ಸಂಜೆಗೆ ನಾಲ್ಕೂವರೆ, ಐದು ಸಾವಿರ ಮುಟ್ಟುತ್ತಿತ್ತು, ತಿಂಡಿ ಬಿಟ್ಟು.

ಆಗ ಹಿಡಿದದ್ದು ಮಿಲ್ಕ್ ಪಂಚ್. ಹಾಲು ಹಾಕಿದ ಬೆಳ್ಳನೆಯದಲ್ಲ, ಹಾಲು ಒಡೆಸಿ ಸೋಸಿದ ತಿಳಿ. ಬುಧವಾರ ಮಾಡಿ ಬಾಟಲಿಗೆ ತುಂಬಿದರೆ ಶನಿವಾರ ಸುರಿಯುವ ಕೆಲಸ ಮಾತ್ರ. ನನಗೆ ಬೇಕಾಗಿದ್ದುದು ಅಷ್ಟೇ, ಎಲ್ಲರ ಜೊತೆ ಕೂರುವುದು. ರುಚಿ ಆಮೇಲೆ ಬಂದ ಬೋನಸ್ಸು.

ಮನೆಯಲ್ಲಿ ಯಾರೂ ನಂಬಲಿಲ್ಲ. ಅತ್ತೆ ಕುಡಿಯುವವರಲ್ಲ, ಆದರೆ ಹಾಲಿನ ವಿಷಯ ಬಂದರೆ ಬಿಡುವವರೂ ಅಲ್ಲ. "ಇದ್ದ ಹಾಲಿಗೆ ಹುಳಿ ಹಿಂಡಿ ಒಡೆಸ್ತಾಳಂತೆ, ಒಡೆದಿದ್ದಕ್ಕೆ ರಮ್ಮಂತೆ. ಏನಮ್ಮಾ ಇದು, ಎಮ್ಮೆಗೂ ಹಾಕೋ ಹಾಗಿಲ್ವಲ್ಲ" ಅಂದರು. ಮೈದುನ, "ಅತ್ತಿಗೆ, ಇದು ಫೋನ್ ನೋಡಿ ಕಲಿತ ವಿದ್ಯೆ" ಎಂದು ನಕ್ಕ. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಸ್ನೇಹಿತನಿಗೆ ಬರೆದ ಕಾಗದದಲ್ಲೇ ಇದರ ವಿಧಾನ ಇದೆ, ಬ್ರಾಂಡಿ, 44 ನಿಂಬೆಯ ಸಿಪ್ಪೆ, ಜಾಯಿಕಾಯಿ ಎಲ್ಲ ಹಾಕಿ, ಅಂತ ತೋರಿಸಿದೆ. "ಅವರ ಮನೇಲಿ ಅತ್ತೆ ಇರಲಿಲ್ಲ ಬಿಡಿ" ಅಂದ.

ಮೊದಲ ಸಲದ್ದನ್ನು ಚೆಲ್ಲಿದೆ. ಎರಡನೆಯದನ್ನೂ. ಕಾರಣ ಹೇಳುತ್ತೇನೆ, ಇದನ್ನು ಯಾರೂ ಸರಿಯಾಗಿ ಬರೆದಿಲ್ಲ.

ಒಂದು, ಸುರಿಯುವ ಕ್ರಮ. ಫ್ರಾಂಕ್ಲಿನ್ ಕುದಿಯುವ ಹಾಲನ್ನು ಪಂಚಿಗೆ, ಅಂದರೆ ಮದ್ಯ, ಹುಳಿ, ಸಿಹಿ ಎಲ್ಲ ಬೆರೆಸಿದ್ದಕ್ಕೆ, ಸುರಿ ಅನ್ನುತ್ತಾನೆ. ದೊಡ್ಡವನ ಮಾತು ಅಂತ ಹಾಗೇ ಮಾಡಿದೆ. ಹಾಲು ಬಿದ್ದ ಬಿದ್ದ ಹಾಗೇ ಒಡೆದು ರವೆಗಿಂತ ಸಣ್ಣಗಾಯಿತು, ಬಟ್ಟೆಯ ಕಣ್ಣು ಮುಚ್ಚಿಕೊಂಡಿತು, ರಾತ್ರಿಯಿಡೀ ತೊಟ್ಟಿಕ್ಕಿದ್ದು ಒಂದು ಲೋಟವೂ ಇಲ್ಲ, ಅದೂ ಮಬ್ಬು. ಈಗ ನಾನು ಮಾಡುವುದು ಉಲ್ಟಾ. ಪಾತ್ರೆಯಲ್ಲಿ ತಣ್ಣನೆಯ ಹಾಲು, ಅದರ ಮೇಲೆ ಪಂಚ್, ನಿಧಾನವಾಗಿ, ದಾರದ ಹಾಗೆ. ಗರಣೆ ದೊಡ್ಡದಾಗಿ ಕಟ್ಟುತ್ತದೆ, ಮೋಡದಂತೆ ಮೇಲೆ ಕೆಳಗೆ ಆಡುತ್ತದೆ. ಸೌಟು ಒಂದೇ ಸುತ್ತು, ಸಾಕು. ಕಲಕಿದಿರೋ ಕೆಟ್ಟಿರಿ.

ಎರಡು, ಹಾಲು. ತಿಂಗಳುಗಟ್ಟಲೆ ಕೆಡದ ಯುಎಚ್‌ಟಿ ಹಾಲು ಇದಕ್ಕೆ ಬೇಡವೇ ಬೇಡ, ನನ್ನ ಕೈಯಲ್ಲಿ ಅದು ಗಟ್ಟಿಯಾಗಿ ಒಡೆದದ್ದೇ ಇಲ್ಲ, ಲೋಳೆ ಲೋಳೆ. ಬೆಳಿಗ್ಗೆ ಬರುವ ನಂದಿನಿ ನೀಲಿ ಪ್ಯಾಕೆಟ್ಟೇ ಸಾಕು, ಕಾಯಿಸದೆ. ಹೆಚ್ಚು ಕೊಬ್ಬಿನ ಹಾಲಿನಲ್ಲೂ ನೋಡಿದೆ. ಬಾಯಿಗೆ ನುಣುಪು ಹೆಚ್ಚು, ಸೋಸುವುದು ನಿಧಾನ. ದುಡ್ಡಿಗೆ ನೀಲಿಯೇ ವಾಸಿ.

ಮೂರು, ಬಟ್ಟೆ. ಕಾಗದದ ಕಾಫಿ ಫಿಲ್ಟರಿನಲ್ಲಿ ಹತ್ತು ನಿಮಿಷಕ್ಕೆ ಒಂದು ಚಮಚ. ಮಾವ ಸ್ಟೀಲಿನ ಕಾಫಿ ಫಿಲ್ಟರ್ ತಂದು "ಇದರಲ್ಲಿ ಹಾಕಿ ನೋಡು" ಎಂದರು, ಅದರ ತೂತಿನಲ್ಲಿ ಗರಣೆಯೇ ಇಳಿದು ಹೋಯಿತು. ಕೊನೆಗೆ ಕೈ ಹಿಡಿದದ್ದು ಅವರದೇ ಹಳೇ ತೆಳು ಪಂಚೆ, ನಾಲ್ಕು ಮಡಿಕೆ ಹಾಕಿ. ಒಂದು ಎಚ್ಚರ: ಮೆಷಿನ್ನಿಗೆ ಹಾಕಿದ ಬಟ್ಟೆ ಬೇಡ. ಬಟ್ಟೆ ಮೃದುವಾಗಲಿ ಅಂತ ಹಾಕುವ ದ್ರಾವಣದ ಪರಿಮಳ ಒಂದು ಬಾರಿಯ ಪಂಚಿಗೆ ಪೂರ್ತಿ ಇಳಿದು ಮಲ್ಲಿಗೆ ರಮ್ಮಾಗಿತ್ತು. ಎರಡು ಲೀಟರ್ ಹೆಚ್ಚುಕಮ್ಮಿ ಸಿಂಕಿಗೆ. ಈಗ ಪಂಚೆಯ ತುಂಡನ್ನು ಕುದಿವ ನೀರಿನಲ್ಲಿ ಹಾಕಿ ತೆಗೆದು ಬಿಸಿಲಿಗೆ ಒಣಗಿಸುತ್ತೇನೆ, ಸೋಪು ಮುಟ್ಟಿಸುವುದಿಲ್ಲ.

ಅಳತೆ ಕಣ್ಣಂದಾಜು, ಹೀಗೆ: 750ರ ಕಪ್ಪು ರಮ್ ಒಂದು ಬಾಟಲಿ, ಕಡು ಟೀ ಡಿಕಾಕ್ಷನ್ ಅರ್ಧ ಲೀಟರಿನ ಹತ್ತಿರ, ಆಗ ಹಿಂಡಿದ ನಿಂಬೆರಸ 150 ಎಂ.ಎಲ್., ಸೋಸಿದ ಬೆಲ್ಲದ ಪಾಕ ಒಂದು ದೊಡ್ಡ ಲೋಟ, ಏಲಕ್ಕಿ, ಒಂದು ಚೂರು ಚಕ್ಕೆ, ಹಿಡಿಯಷ್ಟು ಒಣ ಮುರುಗಲು ಸಿಪ್ಪೆ ನೆನೆಸಿದ ರಸ. ನಿಂಬೆಯ ಹೊರಸಿಪ್ಪೆ ರಮ್ಮಿನಲ್ಲಿ ಒಂದು ರಾತ್ರಿ ನೆನೆಯಬೇಕು, ಬಿಳಿ ಭಾಗ ಬಂದರೆ ಕಹಿ. ಇದರ ಜೊತೆ ಒಂದು ಎಲೆ ಹಾಕುತ್ತೇನೆ, ಹಿತ್ತಲಿನದೇ. ಅದನ್ನು ಇಲ್ಲಿ ಹೇಳುವುದಿಲ್ಲ, ನಾದಿನಿ ಎರಡು ವರ್ಷದಿಂದ ಕೇಳುತ್ತಿದ್ದಾಳೆ, ಅವಳಿಗೂ ಹೇಳಿಲ್ಲ. ಹಾಲು ಇವೆಲ್ಲದರ ಕಾಲು ಭಾಗ, 400 ಎಂ.ಎಲ್. ಹಾಕಿದರೆ ತಪ್ಪಿಲ್ಲ. ಪ್ಯಾಕೆಟ್ಟಿನಲ್ಲಿ ಉಳಿದದ್ದು ಬೆಳಗಿನ ಕಾಫಿಗೆ.

ಟೀ ಕಡುವಾಗಿದ್ದರೆ ಹೆದರಬೇಡಿ. ಬಾಯಿ ಒಗರಾಗುವಷ್ಟು ಇರಲಿ, ಆ ಒಗರನ್ನು ಹಾಲಿನ ಕೇಸಿನ್ ಅನ್ನುವ ಪ್ರೋಟೀನು ಹಿಡಿದುಕೊಂಡು ಗರಣೆಯ ಜೊತೆ ಬಟ್ಟೆಯಲ್ಲೇ ಉಳಿಯುತ್ತದೆ. ಅಗ್ಗದ ರಮ್ಮಿನ ಗಂಟಲು ಕೆರೆತವೂ ಬಹುಪಾಲು ಅಲ್ಲೇ. ಇದಕ್ಕೆ ದುಬಾರಿ ಬಾಟಲಿ ಸುರಿಯುವುದು ಶುದ್ಧ ದಂಡ, ನಾನು ಎಂಎಸ್‌ಐಎಲ್ ಅಂಗಡಿಯ ಸಾಧಾರಣ ರಮ್ಮಿನ ಮೇಲೆ ಹೋದದ್ದಿಲ್ಲ. ಮುರುಗಲಿನ ಕಡುಗೆಂಪು ಮಾತ್ರ ಉಳಿಯುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬಣ್ಣ ಹೋದರೂ ಹುಳಿ ನಿಲ್ಲುತ್ತದೆ.

ಇನ್ನು ಸೋಸುವುದು. ಒಡೆದದ್ದನ್ನು ಅರ್ಧ ಗಂಟೆ ಬಿಟ್ಟು ಬಟ್ಟೆಗೆ ಸುರಿಯಿರಿ. ಮೊದಲು ಇಳಿಯುವುದು ಅಕ್ಕಿ ತೊಳೆದ ನೀರಿನ ಹಾಗಿರುತ್ತದೆ. ಅಲ್ಲೇ ಬಹಳ ಜನ ಕೈ ಚೆಲ್ಲುವುದು. ಆ ಮಬ್ಬನ್ನು ಮೆಲ್ಲಗೆ ಅದೇ ಗರಣೆಯ ಮೇಲೆ ಮತ್ತೆ ಸುರಿಯಿರಿ, ಸೌಟಿನ ಬೆನ್ನ ಮೇಲಿಂದ, ಕೆಳಗಿನ ಹಾಸು ಕದಡದ ಹಾಗೆ. ಸೋಸುವುದು ಬಟ್ಟೆಯಲ್ಲ, ಬಟ್ಟೆಯ ಮೇಲೆ ಕೂತ ಗರಣೆ. ಎರಡನೇ ಸಲ ಹನಿ ನಿಧಾನವಾಗುತ್ತದೆ, ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ. ಹಿಂಡುವ ಆಸೆ ಬರುತ್ತದೆ, ಹಿಂಡಬಾರದು. ಬುಧವಾರ ರಾತ್ರಿ ಊಟವಾದ ಮೇಲೆ ಕಟ್ಟಿ ಫ್ರಿಜ್ಜಿನೊಳಗೇ ತೂಗುಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ನನ್ನ ಪರೀಕ್ಷೆ ಇದು: ಗ್ಲಾಸಿಗೆ ನಾಲ್ಕು ಬೆರಳು ಹಾಕಿ ಹಿಂದೆ ಪೇಪರ್ ಹಿಡಿದು, ವರ್ಗೀಕೃತ ಜಾಹೀರಾತಿನ ಸಣ್ಣ ಅಕ್ಷರ ಓದಲು ಬರಬೇಕು. ಬಾರದಿದ್ದರೆ ಇನ್ನೊಂದು ಸಲ.

ಒಂದು ಬಾರಿಗೆ ಒಂದೂಮುಕ್ಕಾಲು ಲೀಟರ್ ಹತ್ತಿರ ಕೈಗೆ ಸಿಗುತ್ತದೆ. ರಮ್ಮು ಶೇ. 42.8ರದ್ದು, ಇಷ್ಟೆಲ್ಲ ಸೇರಿ ಹದಿನಾರರ ಆಸುಪಾಸಿಗೆ ಇಳಿದಿರುತ್ತದೆ. ಹಾಗಾಗಿ ಐಸಿನ ಮೇಲೆ ನೂರು ಎಂ.ಎಲ್. ನೇರ ಸುರಿದರೆ ಆಯಿತು, ಅಲ್ಲಾಡಿಸುವುದಿಲ್ಲ, ನೀರು ಬೆರೆಸುವುದಿಲ್ಲ. ಗ್ಲಾಸಿಗೆ ಅರವತ್ತೆಪ್ಪತ್ತು ರೂಪಾಯಿ ಬೀಳುತ್ತದೆ ಅಂತ ಗಂಡನ ಲೆಕ್ಕ. ಇಡೀ ಸಂಜೆ ಈಗ ಒಂದೂವರೆ ಸಾವಿರ ದಾಟಿದರೆ ಹೆಚ್ಚು, ಅದರಲ್ಲೂ ಅರ್ಧ ಮೈದುನನ ಕುಟುಂಬ ನಾಗರಬಾವಿಗೆ ವಾಪಸು ಹೋಗುವ ಕ್ಯಾಬಿಗೆ. ಕಾರು ತರಕೂಡದು ಅಂತ ಮಾವ ಮೊದಲ ತಿಂಗಳೇ ಕಟ್ಟಪ್ಪಣೆ ಮಾಡಿದ್ದಾರೆ.

ಮಾವನ ವಿಷಯ ಹೇಳಲೇಬೇಕು. ಮೊದಲ ತಿಳಿ ಪಂಚ್ ಕೊಟ್ಟಾಗ ಮೂಸಿ, ಬೆಳಕಿಗೆ ಹಿಡಿದು, "ಇದರಲ್ಲಿ ಹಾಲೆಲ್ಲಿದೆ?" ಅಂದರು. ಈಗಲೂ ಏಳೂವರೆಗೆ ಅವರ ವಿಸ್ಕಿ–ಸೋಡಾ ತಪ್ಪುವುದಿಲ್ಲ, ಆದರೆ ಅದು ಒಂದೇ. ಎರಡನೆಯದಕ್ಕೆ ಗ್ಲಾಸು ನನ್ನ ಕಡೆ ಚಾಚುತ್ತಾರೆ. ನಗುತ್ತಿದ್ದ ಮೈದುನ ಕಳೆದ ವರ್ಷ ತನ್ನ ಬ್ಯಾಂಕಿನ ಗೆಳೆಯರಿಗೆ ಮನೆಯಲ್ಲಿ ಪಾರ್ಟಿ ಇಟ್ಟಾಗ ಎರಡು ಬಾಟಲಿ ಬೇಕು ಅಂತ ಫೋನ್ ಮಾಡಿದ. ಕೊಟ್ಟೆ. ರಮ್ಮಿನ ದುಡ್ಡು ಮೊದಲೇ ಇಸಕೊಂಡೆ.

ಬಟ್ಟೆಯಲ್ಲಿ ಉಳಿದ ಗರಣೆಯನ್ನು ಏನು ಮಾಡುವುದು ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಪನೀರ್ ತಾನೇ, ಬೆಲ್ಲ, ಕಾಯಿತುರಿ ಹಾಕಿ ಬಾಡಿಸಿ ಹೂರಣ ಮಾಡಿ ನೋಡಿದೆ. ರಮ್ಮಿನ ಘಾಟು, ಟೀಯ ಒಗರು ಎಲ್ಲ ಅಲ್ಲೇ ಕೂತಿರುವಾಗ ಅದು ಯಾರ ಗಂಟಲಲ್ಲಿ ಇಳಿದೀತು? ಕೈಮ ಉಂಡೆಯ ಹಿಟ್ಟಿಗೆ ಎರಡು ಚಮಚ ಸೇರಿಸಿದಾಗ ಮಾತ್ರ ಯಾರಿಗೂ ಗೊತ್ತಾಗಲಿಲ್ಲ, ಉಂಡೆ ಮೆತ್ತಗೂ ಬಂತು. ಉಳಿದದ್ದು ಕಾಂಪೋಸ್ಟಿಗೆ.

ಬೇರೆ ಪ್ರಯೋಗಗಳೂ ನಡೆದಿವೆ. ಟೀ ಬದಲು ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕಿದ್ದು ಪರವಾಗಿಲ್ಲ, ಆದರೆ ಚಿಕೋರಿ ಇಲ್ಲದ ಪುಡಿಯೇ ಆಗಬೇಕು, ಚಿಕೋರಿ ಇದ್ದರೆ ಸುಟ್ಟ ಸಕ್ಕರೆಯ ರುಚಿ ಮುಂದೆ ಬರುತ್ತದೆ. ಸೊಗದೆ ಬೇರಿನ ಶರಬತ್ತು ಜಿನ್ನಿಗೆ ಹಾಕಿದೆ, ಓರಗಿತ್ತಿ ಒಬ್ಬಳೇ ಮೆಚ್ಚಿದಳು. ಮಡಿಕೇರಿಯ ಗೆಳತಿ ಕೊಟ್ಟ ಕಾಚಂಪುಳಿ, ಹಂದಿಗೆ ಹಾಕುವ ಅದೇ ಕಪ್ಪು ಹುಳಿ, ರಮ್ಮಿಗೆ ಮೂರು ಹನಿ, ಬೆಲ್ಲದ ಪಾಕ ಅರ್ಧ ಚಮಚ, ಒಂದು ದೊಡ್ಡ ಐಸು: ಇದು ನನ್ನ ಸ್ವಂತ ಗ್ಲಾಸು, ಯಾರಿಗೂ ಮಾಡಿಕೊಡುವುದಿಲ್ಲ. ಗಾಣದ ಕೊಬ್ಬರಿ ಎಣ್ಣೆ ಪ್ರಯೋಗ ಎಲ್ಲಕ್ಕಿಂತ ಸುಲಭ. ಕಾಲು ಲೋಟ ಕರಗಿದ ಎಣ್ಣೆಯನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಒಂದು ಬಾಟಲಿ ರಮ್ಮಿಗೆ ಸುರಿದು, ಆಗಾಗ ಕುಲುಕಿ, ಸಂಜೆವರೆಗೆ ಬಿಟ್ಟು ಫ್ರೀಜರಿಗಿಡಿ. ಎಣ್ಣೆ ಬಿಲ್ಲೆಯಾಗಿ ಮೇಲೆ ಗಟ್ಟಿಯಾಗುತ್ತದೆ, ಚಾಕುವಿನಲ್ಲಿ ಎತ್ತಿ ತೆಗೆದು ಸೋಸಿದರೆ ರಮ್ಮಿಗೆ ಒಬ್ಬಟ್ಟಿನ ಮನೆಯ ಪರಿಮಳ. ಎತ್ತಿದ ಎಣ್ಣೆಯನ್ನು ಗಂಡ ತಲೆಗೆ ಹಚ್ಚಿಕೊಂಡು ಬೈಸಿಕೊಂಡರು. ತೆಂಗಿನ ಹಾಲಿನಲ್ಲಿ ಪಂಚ್ ತಿಳಿ ಮಾಡುವ ಯತ್ನ ಕೈಬಿಟ್ಟಿದ್ದೇನೆ, ಅದು ಹಸುವಿನ ಹಾಲಿನ ಹಾಗೆ ಗರಣೆ ಕಟ್ಟುವುದಿಲ್ಲ, ನನ್ನ ತಾಳ್ಮೆ ಅಷ್ಟಿಲ್ಲ.

ಐಸಿಗೆ ನಾನು ಕಂಡುಕೊಂಡ ದಾರಿ ಪುಟ್ಟ ಪಿಕ್ನಿಕ್ ಐಸ್ ಬಾಕ್ಸ್. ಮುಚ್ಚಳ ತೆಗೆದು, ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತದೆ, ಮಬ್ಬು ತಳದಲ್ಲಿ ಉಳಿಯುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ ತೆಗೆದು, ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ಇಟ್ಟು ಲಟ್ಟಣಿಗೆಯಲ್ಲಿ ತಟ್ಟಿ. ಹುಳಿಯ ವಾಸನೆ ಹೋಗಬೇಕಾದರೆ ಹುಳಿಯನ್ನು ಡಬ್ಬಿಯಲ್ಲಿ ಮುಚ್ಚಿಡಿ, ಬೇರೆ ಮಂತ್ರ ಇಲ್ಲ.

ಹಾಲು ಆಗದವರಿಗೆ ಈ ಪಂಚ್ ಕೊಡಬೇಡಿ. ನೋಡಲು ತಿಳಿಯಾದರೂ ಹಾಲಿನ ಸಕ್ಕರೆ, ಒಂದಷ್ಟು ಪ್ರೋಟೀನು ಅದರಲ್ಲೇ ಇರುತ್ತದೆ. ನಾದಿನಿಯ ಗಂಡನಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಅವರಿಗೆ ಕೊಬ್ಬರಿ ರಮ್ಮಿನ ಬಾಟಲಿ ಬೇರೆ.

ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ, ಮೂರನೇ ವಾರದ್ದು ಮೊದಲ ವಾರದ್ದಕ್ಕಿಂತ ದುಂಡಾಗಿರುತ್ತದೆ. ಬಾಗಿಲಿನ ಕಡೆ, ನೀರಿನ ಬಾಟಲಿಗಳ ಸಾಲಿನಲ್ಲಿ ಮಾತ್ರ ಇಡಬೇಡಿ. ಹೊಂಬಣ್ಣದ ತಿಳಿ, ವಾಸನೆಯೂ ನಿಂಬೆ ಶರಬತ್ತಿನದೇ. ಮಕ್ಕಳಿರುವ ಮನೆ, ಸೆಖೆಯಲ್ಲಿ ಆಡಿ ಬಂದವು ಲೋಟಕ್ಕೆ ಸುರಿದುಕೊಂಡುಬಿಡುತ್ತವೆ. ನಮ್ಮಲ್ಲಿ ಮೇಲಿನ ತಟ್ಟೆಯ ಹಿಂಬದಿಗೆ, ಕುತ್ತಿಗೆಗೆ ಕೆಂಪು ದಾರ ಕಟ್ಟಿ ಇಡುತ್ತೇವೆ. ದಾರ ಕಟ್ಟುವ ಕೆಲಸ ಅತ್ತೆಯದು.