ಕಾಲ್ ಸೆಂಟರ್ ಸರ್ವರ್‌ಗೆ ಪ್ಯಾಚ್: ಹಾಕುವ ಕ್ರಮ, ತೆಗೆಯುವ ಕ್ರಮ

ಕಾಲ್ ಸೆಂಟರ್ ತಂತ್ರಾಂಶಕ್ಕೆ ಪ್ಯಾಚ್ (ದೋಷ ತಿದ್ದುವ ಪೂರಕ ತಂತ್ರಾಂಶ) ಹಾಕುವುದು ಅಂಥ ಕಷ್ಟದ ಕೆಲಸವಲ್ಲ. ಹಾಕಿದ್ದನ್ನು ಕರೆಗಳು ಬರುತ್ತಿರುವಾಗಲೇ ತೆಗೆಯಬೇಕಾಗಿ ಬಂದರೆ ಕಷ್ಟ. ಹಾಗಾಗಿ ತೆಗೆಯುವ ಕ್ರಮವನ್ನು ಬರೆದಿಟ್ಟುಕೊಂಡ ಮೇಲೆಯೇ ಹಾಕುವ ಕೆಲಸಕ್ಕೆ ಕೈಹಚ್ಚಬೇಕು. ದೊಡ್ಡ ಕಾಲ್ ಸೆಂಟರ್‌ಗಳಲ್ಲಿ ಬಳಕೆಯಲ್ಲಿರುವ ಸಿಸ್ಕೋ ಕಂಪನಿಯ ಯುನಿಫೈಡ್ ಕಾಂಟ್ಯಾಕ್ಟ್ ಸೆಂಟರ್ ಎಂಟರ್‌ಪ್ರೈಸ್ ವ್ಯವಸ್ಥೆಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಇದರ ಮುಖ್ಯ ಸರ್ವರ್‌ಗಳು ವಿಂಡೋಸ್ ಮೇಲೆ, ಒಂದು ನಿಂತರೂ ಇನ್ನೊಂದು ಕೆಲಸ ಮುಂದುವರಿಸುವಂತೆ ಎ ಬದಿ ಮತ್ತು ಬಿ ಬದಿ ಎಂದು ಜೋಡಿಯಾಗಿ ನಡೆಯುತ್ತವೆ. ಯಾವ ಕರೆ ಯಾವ ಏಜೆಂಟರಿಗೆ ಹೋಗಬೇಕೆಂದು ರೂಟರ್ ನಿರ್ಧರಿಸುತ್ತದೆ, ಲಾಗರ್ ವಿವರಗಳನ್ನು ಡೇಟಾಬೇಸಿಗೆ ಸೇರಿಸುತ್ತದೆ, ಪೆರಿಫೆರಲ್ ಗೇಟ್‌ವೇ ಫೋನ್ ವ್ಯವಸ್ಥೆಯ ಜತೆ ಸಂಪರ್ಕ ಕಾಯುತ್ತದೆ. ನಿರ್ದಿಷ್ಟ ದೋಷವೊಂದಕ್ಕೆ ಕಂಪನಿ ಕೊಡುವ ಚಿಕ್ಕ ಪ್ಯಾಚ್‌ಗೆ ಎಂಜಿನಿಯರಿಂಗ್ ಸ್ಪೆಷಲ್, ಅಂದರೆ ಇಎಸ್ ಎಂದು ಹೆಸರು. ಅದು ಯಾವ ಆವೃತ್ತಿಗೆ, ಯಾವ ಸರ್ವರ್‌ಗೆ ಎಂಬುದು ಜತೆಯ ರೀಡ್‌ಮಿ ಕಡತದಲ್ಲಿರುತ್ತದೆ. ಈ ಕಡತವನ್ನು ಕೊನೆಯ ಸಾಲಿನವರೆಗೂ ಓದದೆ ಮುಂದುವರಿಯಬಾರದು.

ಮೊದಲು ಸಮಯ ಗೊತ್ತುಮಾಡಿಕೊಳ್ಳಿ. ಅಮೆರಿಕದ ಗ್ರಾಹಕರಿಗಾಗಿ ದುಡಿಯುವ ಬೆಂಗಳೂರಿನ ಕೇಂದ್ರಗಳಿಗೆ ರಾತ್ರಿಯೇ ದುಡಿಮೆಯ ಹೊತ್ತು. ನ್ಯೂಯಾರ್ಕಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಸ್ವೀಕರಿಸುವ ಕೇಂದ್ರದಲ್ಲಿ ಅಲ್ಲಿನ ಬೇಸಿಗೆಯಲ್ಲಿ ನಮ್ಮ ಸಂಜೆ 5.30ಕ್ಕೆ ಪಾಳಿ ಆರಂಭವಾದರೆ, ಚಳಿಗಾಲದಲ್ಲಿ 6.30ಕ್ಕೆ. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಬದಲಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಿಡುವೆಂದು ತಿಳಿದ ಒಂದು ಗಂಟೆ ಕೈತಪ್ಪುತ್ತದೆ. ಸಿಕ್ಕ ಬಿಡುವಿನಲ್ಲಿ ಮೂರನೇ ಒಂದು ಭಾಗವನ್ನಾದರೂ ಪ್ಯಾಚ್ ತೆಗೆಯಲೆಂದೇ ಉಳಿಸಿಕೊಳ್ಳಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಆ ಬಳಿಕ ಸಿದ್ಧತೆ. ಡೌನ್‌ಲೋಡ್ ಮಾಡಿದ ಕಡತದ ಚೆಕ್‌ಸಮ್ ಅನ್ನು (ಕಡತ ಬದಲಾಗಿಲ್ಲವೆಂದು ತಿಳಿಯಲು ನೆರವಾಗುವ ಗುರುತು) ವಿಂಡೋಸಿನ ಸರ್ಟ್‌ಯುಟಿಲ್ ಆದೇಶದಿಂದ ತೆಗೆದು, ಸಿಸ್ಕೋ ತಾಣದಲ್ಲಿ ಕೊಟ್ಟಿರುವುದರೊಂದಿಗೆ ತಾಳೆ ನೋಡಿ. ಲಾಗರ್ ಡೇಟಾಬೇಸಿನ ಬ್ಯಾಕಪ್ ತೆಗೆಯಿರಿ; ಕೆಲಸ ಮುಗಿಯುವವರೆಗೆ ಯಾರೂ ಕಾನ್ಫಿಗರೇಶನ್ ಮುಟ್ಟದಂತೆ ತಡೆಯಿರಿ. ವರ್ಚುವಲ್ ಮೆಶಿನ್‌ನ (ತಂತ್ರಾಂಶದಲ್ಲೇ ರೂಪಿಸಿದ ಸರ್ವರ್‌ನ) ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ಒಂದನ್ನೇ ನಂಬಿ ಕೂರುವುದು ಸರಿಯಲ್ಲ. ಒಂದು ಬದಿಯನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ ಮರಳಿಸಿದಾಗ ಇನ್ನೊಂದು ಬದಿಯ ಡೇಟಾ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ತೆಗೆದು ಮರೆತ ಸ್ನ್ಯಾಪ್‌ಶಾಟ್ ಡಿಸ್ಕನ್ನೂ ನುಂಗುತ್ತಾ ಹೋಗುತ್ತದೆ.

ಎರಡೂ ಬದಿಗಳನ್ನು ಒಟ್ಟಿಗೆ ನಿಲ್ಲಿಸಬೇಕೆಂದು ರೀಡ್‌ಮಿ ಹೇಳದಿದ್ದರೆ, ಒಂದು ಬದಿಯನ್ನು ಮಾತ್ರ ಕೈಗೆತ್ತಿಕೊಳ್ಳಿ. ಗೇಟ್‌ವೇ ಜೋಡಿಯಲ್ಲಿ ಸದ್ಯ ಕೆಲಸ ಮಾಡದೆ ಕಾಯುತ್ತಿರುವುದಕ್ಕೆ ಮೊದಲ ಸರದಿ. ಸರ್ವಿಸ್ ಕಂಟ್ರೋಲ್ ಕಿಟಕಿಯಲ್ಲಿ ಸೇವೆಗಳನ್ನು (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮ್‌ಗಳನ್ನು) ನಿಲ್ಲಿಸಿ, ಅವುಗಳನ್ನು ಮ್ಯಾನುಯಲ್‌ಗೆ ಬದಲಿಸಿ. ಇಲ್ಲದಿದ್ದರೆ ನಡುವೆ ಸರ್ವರ್ ರೀಸ್ಟಾರ್ಟ್ ಆದಾಗ ಅರ್ಧ ಕೆಲಸದಲ್ಲೇ ಅವು ತಾವಾಗಿಯೇ ಎದ್ದು ಕೂರುತ್ತವೆ. ತೆರೆದಿರುವ ಇತರ ಪ್ರೋಗ್ರಾಮ್‌ಗಳನ್ನು ಮುಚ್ಚಿ, ಅಡ್ಮಿನಿಸ್ಟ್ರೇಟರ್ ಆಗಿ ಇನ್‌ಸ್ಟಾಲರ್ ಓಡಿಸಿ, ಕೇಳಿದರೆ ರೀಸ್ಟಾರ್ಟ್ ಮಾಡಿ. ಸೇವೆಗಳನ್ನು ಮತ್ತೆ ಆಟೋಮ್ಯಾಟಿಕ್‌ಗೆ ತಂದು ಶುರುಮಾಡಿ; ಎಲ್ಲ ಪ್ರೊಸೆಸ್‌ಗಳೂ ಎದ್ದಿವೆಯೇ ಎಂದು ಡಯಾಗ್ನಾಸ್ಟಿಕ್ ಪೋರ್ಟಿಕೋ ಎಂಬ ತಪಾಸಣೆಯ ಪುಟದಲ್ಲಿ ನೋಡಿ.

ಎಲ್ಲವೂ ಎದ್ದಿದೆ ಎಂದು ಪರದೆ ತೋರಿಸಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಕೆಲಸವನ್ನು ಪ್ಯಾಚ್ ಹಾಕಿದ ಬದಿಗೆ ಹೊರಳಿಸಿ, ನಿಜವಾದ ಫೋನಿನಿಂದ ಕರೆ ಮಾಡಿ. ಈ ಹೊರಳುವಿಕೆಯಲ್ಲಿ ಕೆಲವು ಏಜೆಂಟರು ನಾಟ್ ರೆಡಿ, ಅಂದರೆ ಕರೆ ಸ್ವೀಕರಿಸದ ಸ್ಥಿತಿಗೆ ಬೀಳುವುದುಂಟು. ಪಾಳಿಯ ಮೇಲ್ವಿಚಾರಕರಿಗೆ ಮುಂಚಿತವಾಗಿ ತಿಳಿಸಿದ್ದರೆ ಗಾಬರಿಯಿಲ್ಲ. ಕರೆ ಮೆನು ದಾಟಿ ಕ್ಯೂಗೆ ಬಂತೇ, ಏಜೆಂಟರ ಪರದೆಯಲ್ಲಿ ಕರೆದವರ ಖಾತೆ ಸಂಖ್ಯೆ ಮೂಡಿತೇ, ಹೋಲ್ಡ್ ಮಾಡಿ ಇನ್ನೊಬ್ಬರಿಗೆ ವರ್ಗಾಯಿಸಿದಾಗ ಆ ಸಂಖ್ಯೆಯೂ ಜತೆಯಲ್ಲೇ ಹೋಯಿತೇ, ಕರೆ ವರದಿಯಲ್ಲಿ ದಾಖಲಾಯಿತೇ ಎಂದು ಒಂದೊಂದಾಗಿ ನೋಡಬೇಕು. ವರ್ಗಾವಣೆಯನ್ನು ಬಿಟ್ಟು ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆಯೇ. ಇದೆಲ್ಲ ಸರಿಹೋದರೆ ಇನ್ನೊಂದು ಬದಿಗೂ ಇದೇ ಕ್ರಮ.

ತೆಗೆಯಬೇಕಾಗಿ ಬಂದರೆ, ತೊಂದರೆ ಕಂಡ ಹೊತ್ತಿನ ಲಾಗ್‌ಗಳನ್ನು (ಸರ್ವರ್ ತಾನೇ ಬರೆದಿಡುವ ದಾಖಲೆಗಳನ್ನು) ಮೊದಲು ಬೇರೆಡೆ ನಕಲಿಸಿಕೊಳ್ಳಿ. ಅವಿಲ್ಲದೆ ದೂರು ಕೊಟ್ಟರೆ ಕಂಪನಿಯ ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. ಮೊದಲಿನಂತೆಯೇ ಸೇವೆಗಳನ್ನು ನಿಲ್ಲಿಸಿ, ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್‌ನಿಂದ ಪ್ಯಾಚನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಹಲವು ಇಎಸ್‌ಗಳಿದ್ದರೆ ಕೊನೆಗೆ ಹಾಕಿದ್ದನ್ನೇ ಮೊದಲು ತೆಗೆಯಬೇಕು. ನಂತರದ ಪ್ಯಾಚ್ ಹಿಂದಿನದು ಬದಲಿಸಿದ ಕಡತವನ್ನೇ ಮತ್ತೆ ಬದಲಿಸಿರಬಹುದಾದ್ದರಿಂದ, ನಡುವಿನದೊಂದನ್ನು ಮಾತ್ರ ಕಿತ್ತರೆ ಯಾವ ಕಡತ ಯಾವ ಆವೃತ್ತಿಯದೆಂದು ಹೇಳಲಾಗದು. ಹೀಗಾಗಿ ಕೆಳಗಿರುವ ಒಂದನ್ನು ತೆಗೆಯಲು ಮೇಲಿನವನ್ನೆಲ್ಲ ತೆಗೆದು, ಬೇಕಾದವನ್ನು ಮತ್ತೆ ಹಾಕಬೇಕಾಗುತ್ತದೆ. ಪ್ಯಾಚ್ ಡೇಟಾಬೇಸಿನ ರಚನೆಯನ್ನೇ ಬದಲಿಸುವಂಥದ್ದಾದರೆ ಅನ್‌ಇನ್‌ಸ್ಟಾಲ್ ಒಂದರಿಂದ ಹಳೆಯ ಸ್ಥಿತಿ ಮರಳುತ್ತದೆಂದು ನೆಚ್ಚಿಕೊಳ್ಳಬಾರದು. ಬ್ಯಾಕಪ್ ಕೆಲಸಕ್ಕೆ ಬರುವುದು ಆಗಲೇ.

ತೆಗೆದ ಬಳಿಕ ಅದೇ ಕರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಎ ಮತ್ತು ಬಿ ಎರಡೂ ಬದಿಗಳಲ್ಲಿ ಒಂದೇ ಪ್ಯಾಚ್‌ಗಳು ಉಳಿದಿವೆಯೆಂದು ಖಚಿತಪಡಿಸಿಕೊಂಡು, ಕಾನ್ಫಿಗರೇಶನ್‌ಗೆ ಹಾಕಿದ್ದ ತಡೆಯನ್ನು ತೆಗೆಯಿರಿ. ಯಾವ ಸರ್ವರ್‌ನಲ್ಲಿ ಯಾವ ಇಎಸ್ ಎಷ್ಟನೆಯದಾಗಿ ಕೂತಿದೆ ಎಂಬುದನ್ನು ಅದೇ ದಿನ ದಾಖಲೆ ಪುಸ್ತಕದಲ್ಲಿ ಬರೆದಿಡಿ.